ಫ್ಲಟರ್ ಬರೆಯಲು ವಿಎಸ್ ಕೋಡ್: ಬಹುಕಾಲದ ಬಳಕೆಯ ಬಳಿಕವೂ ಉಳಿಸಿಕೊಳ್ಳಬೇಕಾದ ಪ್ಲಗಿನ್‌ಗಳು

ಆ್ಯಪ್ ಕಟ್ಟುವ ಫ್ಲಟರ್ ಕೋಡನ್ನು ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಬರೆಯಲು ಮೊದಲು ಬೇಕಾದದ್ದು ಅಧಿಕೃತ ಫ್ಲಟರ್ ಪ್ಲಗಿನ್. ಅದನ್ನು ಹಾಕಿದರೆ ಫ್ಲಟರ್ ಬರೆಯುವ ಭಾಷೆಯಾದ ಡಾರ್ಟ್‌ನ ಪ್ಲಗಿನ್ ಜೊತೆಗೇ ಬರುತ್ತದೆ. ದಿನದ ಮುಕ್ಕಾಲು ಕೆಲಸ ಈ ಎರಡರಲ್ಲೇ ಮುಗಿಯುತ್ತದೆ. ಆದರೆ ಸೆಟ್ಟಿಂಗ್ ನೋಡದೆ ಬಿಟ್ಟರೆ ಇದರ ಅರ್ಧ ಲಾಭವೂ ಸಿಗುವುದಿಲ್ಲ.

ಸೇವ್ ಮಾಡಿದಾಗ ಓಡುತ್ತಿರುವ ಆ್ಯಪ್‌ಗೆ ಬದಲಾವಣೆ ತಲುಪಿಸುವ ‘ಹಾಟ್ ರೀಲೋಡ್ ಆನ್ ಸೇವ್’ ಸೆಟ್ಟಿಂಗನ್ನು ‘ಮ್ಯಾನ್ಯುಯಲ್’ನಲ್ಲೇ ಇಡಿ. ‘ಆಲ್’ ಎಂದಿಟ್ಟರೆ ಆಟೋಸೇವ್ ಆದಾಗಲೂ ರೀಲೋಡ್ ಓಡಿ, ಟೈಪ್ ಮಾಡುತ್ತಿರುವಾಗಲೇ ಪರದೆ ಬದಲಾಗುತ್ತಿರುತ್ತದೆ. ಬದಲಾವಣೆ ಕಾಣದಿದ್ದರೆ ಪ್ಲಗಿನ್ ಕೆಟ್ಟಿದೆ ಎಂದುಕೊಳ್ಳುವವರೇ ಹೆಚ್ಚು. ಹಾಟ್ ರೀಲೋಡ್ ಮಾಡಿದಾಗ ಆರಂಭದಲ್ಲಷ್ಟೇ ಓಡುವ ‘ಮೇನ್’ ಆಗಲಿ ‘ಇನಿಟ್ ಸ್ಟೇಟ್’ ಆಗಲಿ ಮತ್ತೆ ಓಡುವುದಿಲ್ಲ. ಅಲ್ಲಿ ಕೈಹಾಕಿದ್ದರೆ ಕಂಟ್ರೋಲ್ ಶಿಫ್ಟ್ ಎಫ್5 ಒತ್ತಿ ಹಾಟ್ ರೀಸ್ಟಾರ್ಟ್ ಮಾಡಬೇಕು. ಕೋಟ್ಲಿನ್ ಅಥವಾ ಸ್ವಿಫ್ಟ್ ಕೋಡ್ ಇರುವ ಪ್ಯಾಕೇಜ್ ಹೊಸದಾಗಿ ಸೇರಿಸಿದ್ದರೆ ಅದೂ ಸಾಲದು. ಆ್ಯಪ್ ನಿಲ್ಲಿಸಿ ಮತ್ತೆ ಬಿಲ್ಡ್ ಮಾಡಿ, ಇಲ್ಲವಾದರೆ ‘ಮಿಸ್ಸಿಂಗ್ ಪ್ಲಗಿನ್ ಎಕ್ಸೆಪ್ಷನ್’ ಬರುತ್ತದೆ.

ಕೋಡ್‌ನಲ್ಲಿ ವಿಜೆಟ್ (ಪರದೆಯ ಒಂದು ಘಟಕ) ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು ಚುಕ್ಕಿ ಒತ್ತುವುದನ್ನು ಮೊದಲ ದಿನವೇ ರೂಢಿಸಿಕೊಳ್ಳಿ. ಪ್ಯಾಡಿಂಗ್ ಸುತ್ತುವುದು, ವಿಜೆಟ್ ತೆಗೆಯುವುದು, ಬೇರೆ ಕ್ಲಾಸ್ ಆಗಿ ಎತ್ತಿಡುವುದು ಎಲ್ಲವೂ ಅಲ್ಲಿವೆ. ಆವರಣ ಎಣಿಸುವ ಕಷ್ಟವಿಲ್ಲ. ಬದಲಾಗದ ವಿಜೆಟ್‌ಗೆ ‘ಕಾನ್ಸ್ಟ್’ ಪದ ತಾನಾಗಿ ಸೇರಬೇಕಿದ್ದರೆ ಅನಾಲಿಸಿಸ್ ಆಪ್ಷನ್ಸ್ ಫೈಲ್‌ನಲ್ಲಿ ಅದನ್ನು ಕೇಳುವ ಲಿಂಟ್ (ಕೋಡ್ ತಪಾಸಣೆಯ) ನಿಯಮ ಹಾಕಿ, ಸೇವ್ ಮಾಡುವಾಗ ‘ಫಿಕ್ಸ್ ಆಲ್’ ಓಡುವಂತೆ ‘ಎಕ್ಸ್‌ಪ್ಲಿಸಿಟ್’ ಎಂದು ಬರೆಯಿರಿ.

ಎರಡನೆಯದು ಎರರ್ ಲೆನ್ಸ್. ದೋಷ ಯಾವ ಸಾಲಿನಲ್ಲಿದೆಯೋ ಅದರ ಪಕ್ಕದಲ್ಲೇ ಸಂದೇಶ ತೋರಿಸುತ್ತದೆ. ಮಟ್ಟಗಳ ಪಟ್ಟಿಯಲ್ಲಿ ಎರರ್, ವಾರ್ನಿಂಗ್ ಎರಡನ್ನೇ ಉಳಿಸಿ, ಡಿಲೇ 500 ಮಿಲಿಸೆಕೆಂಡ್ ಇಟ್ಟರೆ ಕಣ್ಣಿಗೆ ಹಿತ.

ಆವರಣಗಳ ಜೋಡಿಗೆ ಬಣ್ಣ ಹಚ್ಚುವ ಬ್ರಾಕೆಟ್ ಪೇರ್ ಕಲರೈಸರ್ ಇನ್ನೂ ಇದ್ದರೆ ತೆಗೆದುಹಾಕಿ. ಆ ಸೌಲಭ್ಯ 2021ರಲ್ಲೇ ಎಡಿಟರ್ ಒಳಗೆ ಬಂದಿದೆ. ಪ್ಯಾಕೇಜ್ ಸೇರಿಸುವುದಕ್ಕೂ ಬೇರೆ ಪ್ಲಗಿನ್ ಬೇಡ, ಕಮಾಂಡ್ ಪ್ಯಾಲೆಟ್‌ನಲ್ಲಿ ‘ಡಾರ್ಟ್: ಆ್ಯಡ್ ಡಿಪೆಂಡೆನ್ಸಿ’ ಇದೆ.

ಎಡಿಟರ್ ತೆವಳುತ್ತಿದ್ದರೆ ‘ಶೋ ರನ್ನಿಂಗ್ ಎಕ್ಸ್‌ಟೆನ್ಷನ್ಸ್’ ತೆರೆದು ಯಾವುದು ಎಷ್ಟು ಮಿಲಿಸೆಕೆಂಡ್ ತಿನ್ನುತ್ತಿದೆ ನೋಡಿ. ಅಲ್ಲಿ ಗೊತ್ತಾಗದಿದ್ದರೆ ‘ಎಕ್ಸ್‌ಟೆನ್ಷನ್ ಬೈಸೆಕ್ಟ್’: ಪ್ರತಿ ಸುತ್ತಿನಲ್ಲಿ ಅರ್ಧ ಪ್ಲಗಿನ್ ಆಫ್ ಮಾಡುವುದರಿಂದ 16 ಇದ್ದರೂ ನಾಲ್ಕೈದು ಸುತ್ತಿಗೆ ಸಿಕ್ಕಿಬೀಳುತ್ತದೆ. ಕೋಡ್ ಸರಿಯಿದ್ದೂ ಕೆಂಪು ಗೆರೆ ಹೋಗದಿದ್ದರೆ ‘ರೀಸ್ಟಾರ್ಟ್ ಅನಾಲಿಸಿಸ್ ಸರ್ವರ್’ ಸಾಕು.

ಕನ್ನಡದ ಎಆರ್‌ಬಿ ಫೈಲ್ (ಆ್ಯಪ್‌ನ ಅನುವಾದದ ಮಾತುಗಳಿರುವ ಫೈಲ್) ಬರೆಯುವವರು ಗಮನಿಸಬೇಕಾದ ಒಂದು ಮಾತಿದೆ. ‘ಡೌನ್‌ಲೋಡ್’ ಪದದ ನಡುವೆ ಕಣ್ಣಿಗೆ ಕಾಣದ ಯೂನಿಕೋಡ್ 200ಸಿ ಅಕ್ಷರ ಇರುತ್ತದೆ. ಎಡಿಟರ್ ಅದರ ಸುತ್ತ ಹಳದಿ ಚೌಕ ಎಳೆಯುತ್ತದೆ. ದೋಷವೆಂದು ಅಳಿಸಿದರೆ ಆ್ಯಪ್‌ನಲ್ಲಿ ‘ಡೌನ್ಲೋಡ್’ ಎಂದು ಒತ್ತಕ್ಷರವಾಗಿ ಮೂಡುತ್ತದೆ. ಅಳಿಸುವ ಬದಲು ಆ ಚೌಕದ ಕ್ವಿಕ್ ಫಿಕ್ಸ್‌ನಲ್ಲಿ ಈ ಅಕ್ಷರವನ್ನು ಹೈಲೈಟ್‌ನಿಂದ ಹೊರಗಿಡುವ ಆಯ್ಕೆ ಒತ್ತಿ.