ಹಡಗಿನ ರಾತ್ರಿಯೂಟಕ್ಕೆ ಯಾವ ಕೋಟು? ಕ್ವೀನ್ ಮೇರಿ 2ರ ಡ್ರೆಸ್ ಕೋಡ್ ಬಗ್ಗೆ ಒಬ್ಬ ಟೈಲರ್ ಮಾತು

ಐಷಾರಾಮಿ ಹಡಗುಗಳ ಬಗ್ಗೆ ಬರೆಯುವವರು ಊಟ, ಕ್ಯಾಬಿನ್, ಈಜುಕೊಳ, ಬಂದರು ಎಲ್ಲವನ್ನೂ ವಿವರವಾಗಿ ಬರೆಯುತ್ತಾರೆ. ಗಂಡಸರು ಸಂಜೆ ಏನು ಹಾಕಿಕೊಳ್ಳಬೇಕು ಅನ್ನುವುದು ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ನಾನು ಕೋಟು ಹೊಲಿದು ಬದುಕಿದವನು. ಮಗಳು, ಅಳಿಯ ಜೊತೆಗೆ ಕರೆದುಕೊಂಡು ಹೋದಾಗಲೆಲ್ಲ ನನ್ನ ಕಣ್ಣು ಸಮುದ್ರಕ್ಕಿಂತ ಜಾಸ್ತಿ ಊಟದ ಹಾಲ್‌ನಲ್ಲೇ ಇರುತ್ತದೆ. ಹಾಗಾಗಿ ಈ ಬರಹ ಪೂರ್ತಿ ಆ ಒಂದು ಸಾಲಿನ ಬಗ್ಗೆಯೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂಜೆಯ ಉಡುಪಿನ ವಿಷಯದಲ್ಲಿ ಕ್ಯೂನಾರ್ಡ್ ಕಂಪನಿಯ ಕ್ವೀನ್ ಮೇರಿ 2 ನಾನು ನೋಡಿದ ಹಡಗುಗಳಲ್ಲೇ ಉತ್ತಮ. ಅಲ್ಲಿನ ನಿಯಮ ಬಿಗಿಯಾಗಿದೆ, ನಿಜ. ಆದರೆ ಸ್ಪಷ್ಟವಾಗಿದೆ. ನಿಯಮ ಸ್ಪಷ್ಟವಾಗಿದ್ದರೆ ಹೊಸಬನಿಗೂ ಹಳಬನಿಗೂ ಒಂದೇ ನೆಮ್ಮದಿ. ಎಲ್ಲ ಕಡೆ ಸಡಿಲ ಬಿಟ್ಟು, "ನಿಮ್ಮಿಷ್ಟ" ಅಂದು ಕೈತೊಳೆದುಕೊಳ್ಳುವ ಹಡಗುಗಳಲ್ಲಿ ನಾನು ಕಂಡಿದ್ದು ಬರೀ ಗೊಂದಲ.

ಈ ಹಡಗು 2004ರ ಜನವರಿಯಲ್ಲಿ ಮೊದಲ ಪ್ರಯಾಣ ಹೊರಟಿದ್ದು. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಅಟ್ಲಾಂಟಿಕ್ ದಾಟಲು ಸಾಮಾನ್ಯವಾಗಿ 7 ರಾತ್ರಿ ಹಿಡಿಯುತ್ತದೆ. ಅದರಲ್ಲಿ 2 ರಾತ್ರಿ 'ಗಾಲಾ ಈವ್ನಿಂಗ್', ಅಂದರೆ ಎಲ್ಲರೂ ಸಮಾರಂಭದ ಉಡುಪಿನಲ್ಲಿ ಬರುವ ರಾತ್ರಿ. ಒಂದಕ್ಕೆ ಕಪ್ಪು-ಬಿಳುಪು, ಇನ್ನೊಂದಕ್ಕೆ ಮುಖವಾಡ, ಹೀಗೆ ಏನಾದರೂ ಒಂದು ಥೀಮ್ ಇಟ್ಟಿರುತ್ತಾರೆ. ಥೀಮ್ ಪಾಲಿಸಲೇಬೇಕು ಅಂತೇನಿಲ್ಲ. ಆದರೆ ಸಂಜೆ 6 ಗಂಟೆ ಆದಮೇಲೆ ಗಂಡಸರು ಡಿನ್ನರ್ ಜಾಕೆಟ್ (ಕಾಲರಿಗೆ ರೇಷ್ಮೆ ಹೊದಿಸಿದ ಸಂಜೆಯ ಕೋಟು) ಹಾಕಬೇಕು, ಅಥವಾ ಗಾಢ ಬಣ್ಣದ ಸೂಟ್. ಕುತ್ತಿಗೆಗೆ ಟೈ ಅಥವಾ ಬೋ ಟೈ. ಸೇನೆಯ ಸಮವಸ್ತ್ರ ನಡೆಯುತ್ತದೆ. ಸ್ಕಾಟ್ಲೆಂಡಿನವರ ಕಿಲ್ಟ್ ನಡೆಯುತ್ತದೆ. ಯಾವ ದೇಶದವರೇ ಆಗಲಿ, ತಮ್ಮ ನಾಡಿನ ಸಮಾರಂಭದ ಉಡುಗೆಯಲ್ಲಿ ಬಂದರೆ ಅದಕ್ಕೂ ಅಷ್ಟೇ ಮರ್ಯಾದೆ. ಉಳಿದ ಸಂಜೆಗಳಲ್ಲಿ ಟೈ ಬೇಕಿಲ್ಲ. ಒಳ್ಳೆಯ ಪ್ಯಾಂಟು, ಕಾಲರ್ ಇರುವ ಶರ್ಟು, ಮೇಲೊಂದು ಬ್ಲೇಜರ್ ಇದ್ದರೆ ಎಲ್ಲಿ ಬೇಕಾದರೂ ಹೋಗಬಹುದು.

ಗಾಲಾ ರಾತ್ರಿ ಕೋಟು ಹಾಕುವುದೇ ಬೇಡ ಅನ್ನುವವರು ಏನು ಮಾಡಬೇಕು? ಅದನ್ನೂ ಹಡಗಿನವರು ಮುಂಚೆಯೇ ಬರೆದು ಹೇಳಿದ್ದಾರೆ. ಕಿಂಗ್ಸ್ ಕೋರ್ಟ್ ಅನ್ನುವ ಬಫೆ ಇದೆ, ಗೋಲ್ಡನ್ ಲಯನ್ ಪಬ್ ಇದೆ, ಕ್ಯಾರಿಂಥಿಯಾ ಲೌಂಜ್ ಇದೆ. ಅಲ್ಲೆಲ್ಲ ಸಾದಾ ಬಟ್ಟೆಯಲ್ಲೇ ಕೂರಬಹುದು, ಬಫೆಯಲ್ಲಿ ಊಟ ಮಾಡಬಹುದು. ಯಾರೂ ಕೇಳುವುದಿಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಇದನ್ನೇ ನಾನು ಸ್ಪಷ್ಟತೆ ಅನ್ನುವುದು. ಎಲ್ಲಿ ಏನು ಹಾಕಬೇಕು ಅಂತ ಹೇಳಿದ ಹಾಗೆ, ಎಲ್ಲಿ ಹಾಕದಿದ್ದರೂ ನಡೆಯುತ್ತದೆ ಅಂತಲೂ ಹೇಳಿದ್ದಾರೆ.

ಹಡಗಿನ ಮುಖ್ಯ ಊಟದ ಹಾಲ್ ಆದ ಬ್ರಿಟಾನಿಯಾ ರೆಸ್ಟೋರೆಂಟ್‌ನಲ್ಲಿ ಗಾಲಾ ರಾತ್ರಿ ಕೂತಾಗ ನನ್ನ ಪಕ್ಕದ ಟೇಬಲ್ಲಿನಲ್ಲಿ ಒಬ್ಬ ವಯಸ್ಸಾದ ಸಜ್ಜನರು ಇದ್ದರು. ಅವರ ಡಿನ್ನರ್ ಜಾಕೆಟ್ ನನ್ನ ಕಣ್ಣನ್ನು ಹಿಡಿದುಬಿಟ್ಟಿತು. ಶಾಲ್ ಕಾಲರ್. ಅಂದರೆ ಕಾಲರಿನಲ್ಲಿ ಮೂಲೆಯೇ ಇಲ್ಲದೆ, ಕುತ್ತಿಗೆಯಿಂದ ಗುಂಡಿಯವರೆಗೆ ಒಂದೇ ಬಾಗು. ಅದರ ಮೇಲೆ ಹೊಳೆಯುವ ಸ್ಯಾಟಿನ್ ಅಲ್ಲ, ಸಣ್ಣ ಗೆರೆಗಳಿರುವ ಗ್ರೋಗ್ರೇನ್ ರೇಷ್ಮೆ. ಮಡಿಕೆ ಬೀಳುವ ಜಾಗದಲ್ಲಿ ರೇಷ್ಮೆ ಸವೆದು ಕಂದು ಬಣ್ಣಕ್ಕೆ ತಿರುಗಿತ್ತು. ಕಾಜಾ ಕೈಯಲ್ಲಿ ಹಾಕಿದ್ದು, ನೂಲಿನ ಗಂಟುಗಳು ಒಂದರ ಪಕ್ಕ ಒಂದು ಸಾಲಾಗಿ ಕಾಣುತ್ತಿದ್ದವು. ಅವರು ಎದ್ದಾಗ ಬೆನ್ನು ನೋಡಿದೆ. ನಡುವಿನ ಹೊಲಿಗೆಯ ಪಕ್ಕದಲ್ಲೇ ಹಳೆಯ ಹೊಲಿಗೆಯ ಗುರುತು ಸಣ್ಣಗೆ ಉಳಿದಿತ್ತು. ಯಾರೋ ಅದನ್ನು ಬಿಚ್ಚಿ ದೊಡ್ಡದು ಮಾಡಿಕೊಟ್ಟಿದ್ದರು. ಮಾತಿಗೆ ಸಿಕ್ಕಾಗ ಕೇಳಿಯೇಬಿಟ್ಟೆ. ಅದು ಅವರ ತಂದೆಯ ಕೋಟಂತೆ. ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದರಿಂದ ಮಗನ ಮೈಗೂ ಆಯಿತು. ಹೊಲಿದ ಕೈ ಯಾರದೋ ಗೊತ್ತಿಲ್ಲ, ಆದರೆ ಮುಂದೊಂದು ದಿನ ಯಾರೋ ಇದನ್ನು ಬಿಚ್ಚಬಹುದು ಅಂತ ಯೋಚಿಸಿ ಬಟ್ಟೆ ಬಿಟ್ಟ ಕೈ ಅದು. ಅಂಥ ಕೋಟನ್ನು ಬೀರುವಿನಿಂದ ಹೊರಗೆ ತರಲು ಇವತ್ತು ಎಷ್ಟು ಜಾಗ ಉಳಿದಿದೆ ಹೇಳಿ? ಈ ಹಡಗು ಅಂಥದ್ದೊಂದು ಜಾಗ.

ಊಟ ಆದಮೇಲೆ ಕ್ವೀನ್ಸ್ ರೂಮಿಗೆ ಹೋಗಿ ನೋಡಲೇಬೇಕು. ನೃತ್ಯಕ್ಕೆಂದೇ ಮಾಡಿದ ದೊಡ್ಡ ಹಾಲ್ ಅದು. ಒಂಟಿಯಾಗಿ ಬಂದ ಹೆಂಗಸರ ಜೊತೆ ನರ್ತಿಸಲು ಹಡಗಿನವರೇ ಗಂಡಸರನ್ನು ನೇಮಿಸಿರುತ್ತಾರೆ. ಕೋಟು ಚೆನ್ನಾಗಿ ಕೂತಿದೆಯಾ ಇಲ್ಲವಾ ಅನ್ನುವುದು ಗೊತ್ತಾಗುವುದು ಅಲ್ಲೇ. ಕೈ ಎತ್ತಿದಾಗ ಕೋಟು ಪೂರ್ತಿ ಮೇಲೆ ಎದ್ದರೆ ಕಂಕುಳ ಕತ್ತರಿಸಿದ್ದು ಕೆಳಗಾಗಿದೆ ಅಂತ ಅರ್ಥ. ತೋಳು ಮಾತ್ರ ಎದ್ದು ಕಾಲರ್ ಕುತ್ತಿಗೆಗೆ ಅಂಟಿಕೊಂಡೇ ಇದ್ದರೆ, ಅದು ಒಳ್ಳೆಯ ಕೆಲಸ.

ಈಗ ಇನ್ನೊಂದು ಹಡಗಿನ ಮಾತು. ಹೆಸರು ಬೇಡ. ಅದೂ ದುಬಾರಿ ಹಡಗೇ. ಅಲ್ಲಿ 'ಫಾರ್ಮಲ್ ಆಪ್ಷನಲ್' ಅಂತ ಒಂದು ರಾತ್ರಿ ಇತ್ತು. ಅಳಿಯಂದಿರು ಅದನ್ನು ಓದಿ, ಆಪ್ಷನಲ್ ಅಂದರೆ ಬೇಕಿಲ್ಲ ಅಂತ ತಾನೇ ಅಂದುಕೊಂಡು, ಒಳ್ಳೆಯ ಲಿನನ್ ಶರ್ಟಿನಲ್ಲಿ ಬಂದರು. ಬಾಗಿಲಲ್ಲಿ ನಿಂತಿದ್ದವರು ನಯವಾಗಿಯೇ ತಡೆದರು. ಈ ರೆಸ್ಟೋರೆಂಟಿಗೆ ಜಾಕೆಟ್ ಬೇಕು ಅಂದರು. ಅಳಿಯಂದಿರು ಕ್ಯಾಬಿನ್ನಿಗೆ ವಾಪಸ್ ಹೋಗಿ ಕೋಟು ಹಾಕಿಕೊಂಡು ಬಂದರೆ, ಒಳಗೆ ಎರಡು ಟೇಬಲ್ ಆಚೆ ಒಬ್ಬರು ಜೀನ್ಸ್ ಪ್ಯಾಂಟಿನಲ್ಲಿ ಕೂತು ಊಟ ಮಾಡುತ್ತಿದ್ದರು! ಇನ್ನೊಂದು ಕಡೆ ಒಬ್ಬರು ಪೂರ್ತಿ ಡಿನ್ನರ್ ಜಾಕೆಟ್ ಹಾಕಿಕೊಂಡು, ತಾನೊಬ್ಬನೇ ಹೀಗೆ ಬಂದೆನಲ್ಲ ಅಂತ ಸುತ್ತ ನೋಡುತ್ತಾ ಬೋ ಟೈ ಸಡಿಲ ಮಾಡಿಕೊಳ್ಳುತ್ತಿದ್ದರು. ಮೂರು ಜನಕ್ಕೂ ಬೇಜಾರು. ಮಗಳು ಮರುದಿನ ಕೌಂಟರಿನಲ್ಲಿ ಕೇಳಿದಳು. ಅಲ್ಲಿ ಸಿಕ್ಕಿದ್ದು ನಗು ಮಾತ್ರ, ಉತ್ತರ ಇಲ್ಲ. ಅಷ್ಟು ದುಡ್ಡು ತೆಗೆದುಕೊಳ್ಳುವವರು ಒಂದು ನಿಯಮವನ್ನು ಎಲ್ಲರಿಗೂ ಒಂದೇ ರೀತಿ ಪಾಲಿಸುವುದು ಬೇಡವೇ? ನನಗೆ ಅವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ನಿಯಮ ಸಡಿಲ ಇರುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ವೈಕಿಂಗ್ ಕಂಪನಿ 2015ರಲ್ಲಿ ಸಮುದ್ರದ ಹಡಗು ಶುರು ಮಾಡಿದಾಗಿನಿಂದ ಫಾರ್ಮಲ್ ರಾತ್ರಿಯನ್ನೇ ಇಟ್ಟಿಲ್ಲ. ಕಾಲರ್ ಶರ್ಟು, ಒಳ್ಳೆಯ ಪ್ಯಾಂಟು, ಸಾಕು. ಓಷಿಯಾನಿಯಾ, ಅಜಮಾರಾ ಹಡಗುಗಳಲ್ಲೂ ಫಾರ್ಮಲ್ ರಾತ್ರಿ ಇಲ್ಲ. ಇಲ್ಲ ಅಂದಮೇಲೆ ಇಲ್ಲ, ಅದೂ ಸ್ಪಷ್ಟವೇ. ಸೆಲೆಬ್ರಿಟಿ ಕಂಪನಿಯವರು 2015ರಲ್ಲಿ ಫಾರ್ಮಲ್ ರಾತ್ರಿ ತೆಗೆದು 'ಈವ್ನಿಂಗ್ ಶಿಕ್' ಅಂತ ಮಾಡಿದರು. ಟೈ ಕಟ್ಟುವುದು ಹಿಂಸೆ ಅನ್ನುವವರು ಇಂಥ ಹಡಗನ್ನೇ ಹುಡುಕಿಕೊಂಡು ಹೋಗಲಿ. ಕ್ವೀನ್ ಮೇರಿಗೆ ಟಿಕೆಟ್ ಮಾಡಿಸಿ ಆಮೇಲೆ ಬಾಗಿಲಲ್ಲಿ ಜಗಳ ತೆಗೆಯುವುದು ಬೇಡ.

ಡಿನ್ನರ್ ಜಾಕೆಟ್ ಅಂದರೆ ಬಿಗುಮಾನ, ಹಿಂಸೆ ಅಂತ ತುಂಬಾ ಜನ ಹೇಳುತ್ತಾರೆ. ಅದು ಹುಟ್ಟಿದ್ದು ಆರಾಮಕ್ಕೆ. 1865ರಲ್ಲಿ ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಹೆನ್ರಿ ಪೂಲ್ ಅಂಗಡಿಯವರು ಆಗಿನ ಯುವರಾಜನಿಗೆ, ಅಂದರೆ ಮುಂದೆ ಏಳನೇ ಎಡ್ವರ್ಡ್ ಆದವನಿಗೆ, ಬಾಲವಿಲ್ಲದ ಒಂದು ಗಿಡ್ಡ ಕೋಟು ಹೊಲಿದುಕೊಟ್ಟರು. ಸ್ಯಾಂಡ್ರಿಂಗಮ್ಮಿನ ಮನೆಯಲ್ಲಿ ಹತ್ತಿರದವರ ಜೊತೆ ಊಟಕ್ಕೆ ಕೂರುವಾಗ ಹಾಕಿಕೊಳ್ಳಲು. ಉದ್ದ ಬಾಲದ ಕೋಟಿನಲ್ಲಿ ಕುರ್ಚಿಯ ಮೇಲೆ ಕೂತು ನೋಡಿದವರಿಗೆ ಗೊತ್ತು, ಈ ಗಿಡ್ಡ ಕೋಟು ಎಷ್ಟು ಹಗುರ ಅಂತ. ಮೈಗೆ ಸರಿಯಾಗಿ ಹೊಲಿದರೆ ಇವತ್ತಿಗೂ ಅದು ಹಗುರವೇ. ಹಿಂಸೆ ಕೊಡುವುದು ಕೋಟಲ್ಲ, ಭುಜದ ಅಳತೆ ತಪ್ಪಿದ ಬಾಡಿಗೆ ಕೋಟು.

ಹಾಗಾಗಿ ಹೊರಡುವವರಿಗೆ ನನ್ನ ಸಲಹೆ ಇಷ್ಟು. ಒಂದೇ ಪ್ರಯಾಣಕ್ಕಾಗಿ ಡಿನ್ನರ್ ಜಾಕೆಟ್ ಹೊಲಿಸಬೇಡಿ. ಒಂದು ಗಾಢ ನೀಲಿ ಸೂಟ್ ಸಾಕು. ಬಿಳಿ ಶರ್ಟು, ಗಾಢ ಬಣ್ಣದ ರೇಷ್ಮೆ ಟೈ, ಪಾಲಿಶ್ ಮಾಡಿದ ಕಪ್ಪು ಲೇಸ್ ಶೂ. ಈ ಉಡುಪಿನಲ್ಲಿ ಕ್ವೀನ್ ಮೇರಿಯ ಗಾಲಾ ರಾತ್ರಿಗೂ ಧೈರ್ಯವಾಗಿ ಹೋಗಬಹುದು. ಅದೇ ಕೋಟನ್ನು ಬೇರೆ ಪ್ಯಾಂಟಿನ ಜೊತೆ ಉಳಿದ ಸಂಜೆಗಳಿಗೂ ಹಾಕಬಹುದು. ಪೆಟ್ಟಿಗೆಯೂ ಹಗುರ.

ಇಲ್ಲ, ಹೊಲಿಸಿಯೇ ತೀರುತ್ತೇನೆ ಅನ್ನುವವರು ಕಪ್ಪಿಗಿಂತ ಮಿಡ್‌ನೈಟ್ ಬ್ಲೂ, ಅಂದರೆ ಕಪ್ಪಿಗೆ ಹತ್ತಿರದ ಕಡುನೀಲಿ, ಆರಿಸಿಕೊಳ್ಳಿ. ದೀಪದ ಬೆಳಕಲ್ಲಿ ಕಪ್ಪು ಉಣ್ಣೆ ಕೆಲವೊಮ್ಮೆ ಹಸಿರು ಛಾಯೆ ಬಿಡುತ್ತದೆ. ಮಿಡ್‌ನೈಟ್ ಬ್ಲೂ ಆಗ ಕಪ್ಪಿಗಿಂತ ಕಪ್ಪಾಗಿ ಕಾಣುತ್ತದೆ. ಉಣ್ಣೆಗೆ ಸ್ವಲ್ಪ ಮೊಹೇರ್ (ಒಂದು ಜಾತಿಯ ಮೇಕೆಯ ಕೂದಲು) ಸೇರಿಸಿ ನೇಯ್ದ ಬಟ್ಟೆ ಸಿಕ್ಕರೆ ಬಿಡಬೇಡಿ. ಪೆಟ್ಟಿಗೆಯಲ್ಲಿ ಮಡಚಿದರೂ ಸುಕ್ಕು ಬೇಗ ಬಿಡುತ್ತದೆ. ಬೋ ಟೈ ಮತ್ತು ಲೇಪಲ್ಲಿನ (ಎದೆಯ ಮೇಲೆ ಮಡಚಿದ ಕೋಟಿನ ಅಂಚಿನ) ರೇಷ್ಮೆ ಒಂದೇ ಜಾತಿಯದಿರಲಿ. ಒಂದು ಸ್ಯಾಟಿನ್, ಇನ್ನೊಂದು ಗ್ರೋಗ್ರೇನ್ ಆದರೆ ಬೆಳಕು ಬಿದ್ದ ಕೂಡಲೇ ಗೊತ್ತಾಗುತ್ತದೆ. ಸೊಂಟಕ್ಕೆ ಕಮ್ಮರ್‌ಬಂಡ್, ಅಂದರೆ ನೆರಿಗೆಯ ಅಗಲ ಪಟ್ಟಿ, ಕಟ್ಟುವುದಾದರೆ ನೆರಿಗೆಯ ಬಾಯಿ ಮೇಲಕ್ಕಿರಬೇಕು. ಪ್ಯಾಂಟಿಗೆ ಬೆಲ್ಟ್ ಬೇಡ, ಲೂಪುಗಳೂ ಬೇಡ. ಒಳಗೆ ಬ್ರೇಸಸ್, ಅಂದರೆ ಪ್ಯಾಂಟನ್ನು ಹಿಡಿಯುವ ಭುಜದ ಪಟ್ಟಿ, ಹಾಕಿದರೆ ಪ್ಯಾಂಟು ಭುಜದಿಂದ ನೇರ ಇಳಿಯುತ್ತದೆ, ಊಟ ಜಾಸ್ತಿಯಾದರೂ ಹೊಟ್ಟೆಗೆ ಬಿಗಿಯುವುದಿಲ್ಲ. ಕೋಟಿನ ತೋಳಿನಿಂದ ಶರ್ಟಿನ ಕಫ್ ಅರ್ಧ ಇಂಚು ಹೊರಗೆ ಕಾಣಲಿ. ದಂತದ ಬಣ್ಣದ ಬಿಳಿ ಜಾಕೆಟ್ ಬೆಚ್ಚಗಿನ ಸಮುದ್ರಗಳಿಗೆ ಚೆಂದ. ಅಟ್ಲಾಂಟಿಕ್‌ನ ಚಳಿಯಲ್ಲಿ ಅದು ಬೇಡ.

ಇಸ್ತ್ರಿ ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಬೆಂಕಿಯ ಭಯಕ್ಕೆ ಹಡಗಿನಲ್ಲಿ ನಮ್ಮ ಇಸ್ತ್ರಿಪೆಟ್ಟಿಗೆ ತರಲು ಬಿಡುವುದಿಲ್ಲ. ತಂದರೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಕ್ವೀನ್ ಮೇರಿಯಲ್ಲಿ ನಾವೇ ಬಟ್ಟೆ ಒಗೆದುಕೊಳ್ಳುವ ಕೋಣೆಗಳಿವೆ, ಇಸ್ತ್ರಿಯೂ ಅಲ್ಲೇ ಇದೆ, ದುಡ್ಡು ಕೊಡಬೇಕಿಲ್ಲ. ಗಾಲಾ ರಾತ್ರಿಯ ಮಧ್ಯಾಹ್ನ ಮಾತ್ರ ಅಲ್ಲಿ ನೂಕುನುಗ್ಗಲು, ಬೆಳಗ್ಗೆಯೇ ಹೋಗಿಬಿಡಿ. ಸಿಲ್ವರ್‌ಸೀ ಹಡಗುಗಳಲ್ಲಿ ಪ್ರತಿ ಕೋಣೆಗೂ ಬಟ್ಲರ್, ಅಂದರೆ ಅಲ್ಲಿ ಉಳಿದವರ ಕೆಲಸ ನೋಡಿಕೊಳ್ಳುವವರು, ಇರುತ್ತಾರೆ, ಬಟ್ಟೆಯ ವಿಷಯ ಅವರಿಗೇ ಹೇಳಬಹುದು. ಆದರೆ ಕೋಟನ್ನು ಸರಿಯಾಗಿ ಮಡಚಿದರೆ ಇಸ್ತ್ರಿಯೇ ಬೇಕಾಗುವುದಿಲ್ಲ. ಒಂದು ಭುಜವನ್ನು ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ. ಇನ್ನೊಂದು ಭುಜವನ್ನು ಅದರೊಳಗೆ ಕೂರಿಸಿ. ಈಗ ಲೈನಿಂಗ್ ಹೊರಗೆ, ಬಟ್ಟೆ ಒಳಗೆ. ಹಾಗೆಯೇ ಅರ್ಧಕ್ಕೆ ಮಡಚಿ ಎಲ್ಲಕ್ಕಿಂತ ಮೇಲೆ ಇಡಿ. ಕ್ಯಾಬಿನ್ ಸೇರಿದ ಕೂಡಲೇ ತೆಗೆದು ಬಾತ್‌ರೂಮಿನಲ್ಲಿ ನೇತುಹಾಕಿ, ಬಿಸಿನೀರು ಬಿಟ್ಟು ಬಾಗಿಲು ಮುಚ್ಚಿ. ಆವಿ ಆಡಿದ ಮೇಲೆ ಕೈಯಿಂದ ಸವರಿದರೆ ಸಾಕು.

ಯಾವ ರಾತ್ರಿ ಗಾಲಾ ಅನ್ನುವುದು ಹೊರಡುವ ಮುಂಚೆಯೇ ತಿಳಿಯುತ್ತದೆ. ಸಾಮಾನ್ಯವಾಗಿ ಹಡಗು ದಿನವಿಡೀ ಸಮುದ್ರದಲ್ಲೇ ಇರುವ ದಿನ ಇಟ್ಟಿರುತ್ತಾರೆ, ತಯಾರಾಗಲು ಸಮಯ ಸಿಗಲಿ ಅಂತ. ಮೊದಲ ರಾತ್ರಿ ಇರುವುದಿಲ್ಲ, ಕೆಲವರ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವುದೇ ತಡ. ಕೊನೆಯ ರಾತ್ರಿಯೂ ಇರುವುದಿಲ್ಲ. ಅವತ್ತು ದೊಡ್ಡ ಪೆಟ್ಟಿಗೆ ತುಂಬಿ ಬಾಗಿಲ ಹೊರಗಿಡಬೇಕು, ರಾತ್ರಿಯೇ ತೆಗೆದುಕೊಂಡು ಹೋಗುತ್ತಾರೆ. ಸೂಟನ್ನು ಅದರಲ್ಲೇ ಕಳಿಸಿ, ಮರುದಿನ ಇಳಿಯಲು ಒಂದು ಜೊತೆ ಬಟ್ಟೆ ಮತ್ತು ಶೂ ಮಾತ್ರ ಹೊರಗೆ ಇಟ್ಟುಕೊಳ್ಳಿ.