ಹೊಸ ಫ್ಲೇಂಜ್ ಅಂತ ಪುಟ್ಟಿ ತುಂಬಿದ ಹಳೇದನ್ನು ಕಳಿಸಿದರು: ಜಿಪ್ಸಿ ಇರುವವರು ದಯವಿಟ್ಟು ಓದಿ

ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ನಾಚಿಕೆಯಾಗುತ್ತದೆ. ಹನ್ನೆರಡು ವರ್ಷದಿಂದ ನನ್ನ ಗಾಡಿ ಕೆಲಸ ನಾನೇ ಮಾಡಿಕೊಳ್ಳುತ್ತಿದ್ದೇನೆ. ಆದರೂ ಮೋಸ ಹೋದೆ. ಆದರೆ ನನಗೆ ಮಾರಿದ ಅಂಗಡಿಯವರು ಇವತ್ತು ಇನ್ನೊಬ್ಬರಿಗೆ ಇಂಥದ್ದೇ ಮಾಲು ಪಾರ್ಸೆಲ್ ಮಾಡುತ್ತಿರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 2004ರ ಮಾರುತಿ ಜಿಪ್ಸಿ ಕಿಂಗ್ ಜೀಪು. ಮೂಡಿಗೆರೆ ಹತ್ತಿರ ತೋಟ. ಗಾಡಿ ಡಾಂಬರಿಗಿಂತ ಕೆಸರಲ್ಲಿ ಓಡಿದ್ದೇ ಜಾಸ್ತಿ. ಹಿಂದಿನ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಮೂತಿಯಲ್ಲಿ, ಇಂಜಿನ್ ಕಡೆಯಿಂದ ಪ್ರೊಪೆಲ್ಲರ್ ಶಾಫ್ಟ್ ಬಂದು ಕೂರುವ ಕಡೆ, ಆಯಿಲ್ ಸೋರುತ್ತಿತ್ತು. ಆಯಿಲ್ ತಡೆಯುವ ರಬ್ಬರ್ ಸೀಲ್ ಒಂದೇ ವರ್ಷದಲ್ಲಿ ಎರಡು ಹಾಕಿದೆ. ಎರಡೂ ಸೋರಿದವು. ಫ್ಲೇಂಜ್, ಅಂದರೆ ಶಾಫ್ಟನ್ನು ಡಿಫರೆನ್ಷಿಯಲ್‌ಗೆ ಜೋಡಿಸುವ ಬಿಲ್ಲೆ, ಎಳೆದು ಸರಿಯಾಗಿ ನೋಡಿದಾಗ ಕಾರಣ ಗೊತ್ತಾಯಿತು. ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಸುತ್ತಲೂ ತೋಡು ಬಿದ್ದಿತ್ತು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಮಣ್ಣು ನೀರು ಸೇರಿಕೊಂಡರೆ ಆ ಮೆತ್ತನೆ ರಬ್ಬರ್ ಕಬ್ಬಿಣವನ್ನೇ ತಿನ್ನುತ್ತದೆ. ಅಂಥದ್ದರ ಮೇಲೆ ಎಷ್ಟು ಸೀಲ್ ಹಾಕಿದರೂ ದಂಡ. ಫ್ಲೇಂಜೇ ಬದಲಾಯಿಸಬೇಕು ಅಂದುಕೊಂಡೆ.

ಜನಸಾಮಾನ್ಯರಿಗೆ ಜಿಪ್ಸಿ ಮಾರುವುದು 2019ರಲ್ಲೇ ನಿಂತುಹೋಯಿತು. ಬಿಡಿಭಾಗಕ್ಕೆ ಅಲೆಯಬೇಕು, ಗೊತ್ತಲ್ವಾ. ಪರಿಚಯದವರೊಬ್ಬರು ಬೆಂಗಳೂರಿನ ಒಂದು ಅಂಗಡಿಯ ನಂಬರ್ ಕೊಟ್ಟರು. ಅಂಗಡಿಯವರು ಫ್ಲೇಂಜಿನ ಫೋಟೋ ಕಳಿಸಿದರು. ಕಪ್ಪಗೆ ಮಿಂಚುತ್ತಿತ್ತು. "ಹೊಸದಾ?" ಅಂತ ಮೂರು ಸಲ ಕೇಳಿದೆ. ಮೂರು ಸಲವೂ ಒಂದೇ ಉತ್ತರ. "ಹೊಸದೇ ಸಾರ್, ಕಂಪನಿ ಪೀಸು, ಪ್ಯಾಕ್ ಓಪನ್ ಆಗಿದೆ ಅಷ್ಟೇ." 3,200 ರೂಪಾಯಿ ಫೋನಿನಲ್ಲೇ ಕಳಿಸಿದೆ. ಬಿಲ್ ಕೇಳಿದರೆ "ಪಾರ್ಸೆಲ್ ಒಳಗೇ ಇಟ್ಟಿರ್ತೀವಿ" ಅಂದರು. ಪಾರ್ಸೆಲ್ ಒಳಗೆ ಹಳೇ ಪೇಪರ್ ಇತ್ತು. ಬಿಲ್ ಇರಲಿಲ್ಲ.

ಅಲ್ಲೇ ನಿಲ್ಲಿಸಬೇಕಿತ್ತು. ಇನ್ನೊಂದೂ ಇತ್ತು. ಸೀಲ್ ಕೂರುವ ಜಾಗಕ್ಕೂ ಬಣ್ಣ ಬಳಿದಿದ್ದರು. ಹೊಸ ಫ್ಲೇಂಜಿನಲ್ಲಿ ಆ ಜಾಗ ಯಾವತ್ತೂ ಬರೀ ಕಬ್ಬಿಣ, ಕನ್ನಡಿಯಂತೆ ನುಣುಪು. ಇದು ನನಗೆ ಗೊತ್ತು. ತುಕ್ಕು ಹಿಡಿಯದಿರಲಿ ಅಂತ ಬಳಿದಿರಬೇಕು ಅಂದುಕೊಂಡು ಬಟ್ಟೆಯಲ್ಲಿ ಒರೆಸಿ ಸುಮ್ಮನಾದೆ. ರೋಬಸ್ಟಾ ಕೊಯ್ಲು ಶುರುವಾಗಿತ್ತು. ಗಾಡಿ ಸ್ಟ್ಯಾಂಡ್ ಮೇಲೆ ಕೂತು ಆರು ದಿನ ಆಗಿತ್ತು. ಮೂಟೆ ಸಾಗಿಸಲು ಬೇರೆಯವರ ಗಾಡಿಗೆ ಬಾಡಿಗೆ ಕೊಡುತ್ತಿದ್ದೆ. ಅವಸರ.

ಕೆಲಸ ಮಾತ್ರ ಅವಸರದಲ್ಲಿ ಮಾಡಲಿಲ್ಲ. ಬಿಚ್ಚುವ ಮುಂಚೆಯೇ ಶಾಫ್ಟಿಗೂ ಫ್ಲೇಂಜಿಗೂ ಗುರುತು ಹಾಕಿದ್ದೆ. ಫ್ಲೇಂಜ್ ಹಿಡಿದಿಡುವ ನಟ್ಟು ಪಿನಿಯನ್ (ಡಿಫರೆನ್ಷಿಯಲ್ ಒಳಗೆ ಹೋಗುವ ಗೇರ್ ದಂಡ) ಮೇಲೆ ಎಲ್ಲಿ ನಿಂತಿದೆ ಅಂತ ಪಂಚಿನಲ್ಲಿ ಚುಕ್ಕೆ ಕುಟ್ಟಿದ್ದೆ, ಹೊರಗೆ ಎಷ್ಟು ಥ್ರೆಡ್ ಕಾಣುತ್ತದೆ ಅಂತ ಎಣಿಸಿಟ್ಟಿದ್ದೆ. ಪಿನಿಯನ್ ತಿರುಗಲು ಎಷ್ಟು ಎಳೆತ ಬೇಕು ಅಂತ ಸ್ಪ್ರಿಂಗ್ ತಕ್ಕಡಿ ಕಟ್ಟಿ ನೋಡಿದ್ದೆ. ಫ್ಲೇಂಜಿಗೆ ಉದ್ದದ ಪಟ್ಟಿ ಬೋಲ್ಟ್ ಮಾಡಿ ಹಿಡಿದು ನಟ್ಟು ಬಿಚ್ಚಿದ್ದೆ. ಸುತ್ತಿಗೆ ಮುಟ್ಟಲಿಲ್ಲ, ಪುಲ್ಲರ್‌ನಲ್ಲೇ ಎಳೆದಿದ್ದೆ. ಈಗ ಹೊಸ ಸೀಲ್ ಹಾಕಿ, ತುಟಿಗೆ ಗ್ರೀಸ್ ಸವರಿ, ನಟ್ಟನ್ನು ಅದೇ ಗುರುತಿಗೆ ತಂದೆ. ಎಳೆತವೂ ಮೊದಲಿನಷ್ಟೇ ಇತ್ತು. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಆಮೇಲೆ ಅವರು ಹೇಳಿದ್ದು "ನೀವೇ ಹಾಳು ಮಾಡಿದ್ರಿ" ಅಂತ.

ಎರಡು ದಿನ ಒಣಗಿತ್ತು. ಮೂರನೇ ದಿನ ಕೆಳಗೆ ಎಣ್ಣೆ ಕಲೆ. ಫೋನ್ ಮಾಡಿದೆ. ಅಂಗಡಿಯವರು ಒಂದು ಕ್ಷಣವೂ ಯೋಚಿಸಲಿಲ್ಲ. "ನಟ್ಟು ಸಾಲಿಲ್ಲ ಸಾರ್. ಇನ್ನೊಂದು ಕಾಲು ಸುತ್ತು ಕೊಡಿ. ನಾವು ದಿನಾ ನೋಡ್ತೀವಿ." ನಾನು ಗುರುತಿನ ವಿಷಯ ಹೇಳಿದೆ. "ಹೊಸ ಫ್ಲೇಂಜ್ ಸಾರ್ ಇದು, ಹಳೇ ಗುರುತು ನಡೆಯಲ್ಲ."

ಕಾಲು ಸುತ್ತು ಕೊಟ್ಟೆ. ಯಾಕೆ ಕೊಟ್ಟೆ ಅಂತ ಈಗಲೂ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ. ಪಿನಿಯನ್ನಿನ ಎರಡು ಬೇರಿಂಗ್ ನಡುವೆ ಕ್ರಶ್ ಸ್ಲೀವ್ ಅಂತ ಒಂದು ತೆಳ್ಳನೆ ಕೊಳವೆ ಇರುತ್ತದೆ. ನಟ್ಟು ಬಿಗಿಯಾದಷ್ಟೂ ಅದು ಕುಗ್ಗುತ್ತದೆ, ಬೇರಿಂಗ್ ಮೇಲೆ ಒತ್ತಡ ಏರುತ್ತದೆ. ಒಮ್ಮೆ ಕುಗ್ಗಿದರೆ ಮತ್ತೆ ಹಿಗ್ಗುವುದಿಲ್ಲ. ನಟ್ಟು ಸಡಿಲ ಮಾಡಿದರೂ ಪ್ರಯೋಜನವಿಲ್ಲ. ಪಿನಿಯನ್ನೇ ಹೊರಗೆ ತೆಗೆದು ಬೇರೆ ಸ್ಲೀವ್ ಹಾಕಬೇಕು. ಇದೆಲ್ಲ ಗೊತ್ತಿದ್ದೂ, ದಿನಾ ನೋಡುವವರು ಹೇಳುತ್ತಿದ್ದಾರಲ್ಲ ಅಂತ ನಂಬಿದೆ.

ಮಾರನೇ ದಿನ ಕೊಟ್ಟಿಗೆಹಾರ ದಾಟುವಷ್ಟರಲ್ಲಿ ಹಿಂದಿನಿಂದ ಊಳಿಡುವಂಥ ಸದ್ದು. ಇಳಿದು ಡಿಫರೆನ್ಷಿಯಲ್ ಮೂತಿಗೆ ಕೈ ತಾಗಿಸಿದೆ. ತಟ್ಟನೆ ಕೈ ಹಿಂದಕ್ಕೆ ಬಂತು. ಅಷ್ಟು ಸುಡುತ್ತಿತ್ತು. ಗಾಡಿ ಎಳೆಸಿಕೊಂಡು ಮೆಕ್ಯಾನಿಕ್ ಹತ್ತಿರ ಬಂದೆ.

ಅವರು ಬಿಚ್ಚಿದರು. ಬೇರಿಂಗ್ ನೀಲಿ ತಿರುಗಿತ್ತು. ಆಮೇಲೆ ಫ್ಲೇಂಜ್ ಕೈಗೆ ತಗೊಂಡು, ತಿರುಗಿಸಿ ನೋಡಿ, ಏನೂ ಮಾತಾಡದೆ ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿದರು. ಕಪ್ಪು ಬಣ್ಣ ಬಂತು. ಅದರ ಕೆಳಗಿಂದ ಬೂದು ಬಣ್ಣದ ಪುಟ್ಟಿ ಸುಣ್ಣದ ಹಾಗೆ ಉದುರಿತು. ಪುಟ್ಟಿ! ಡೋರಿನ ಡೆಂಟಿಗೆ ಹಾಕುವ ಪುಟ್ಟಿ. ಅದನ್ನು ತೋಡಿಗೆ ತುಂಬಿ, ಎಮ್ರಿ ಉಜ್ಜಿ, ಮೇಲೆ ಬಣ್ಣ ಹೊಡೆದಿದ್ದರು. ಅರ್ಧ ಆಗಲೇ ಸೀಲಿಗೆ ಸಿಕ್ಕಿ ಕಿತ್ತುಹೋಗಿತ್ತು. ಅದರ ಅಡಿಯಲ್ಲಿದ್ದ ತೋಡು, ನಾನು ಬಿಚ್ಚಿಟ್ಟ ನನ್ನ ಹಳೇ ಫ್ಲೇಂಜಿಗಿಂತ ಆಳವಾಗಿತ್ತು. ಮನೆಯಲ್ಲಿ ಶೆಲ್ಫಿನ ಮೇಲೆ ಕೂತಿದ್ದ ನನ್ನದೇ ಇದಕ್ಕಿಂತ ಚೆನ್ನಾಗಿತ್ತು. ಮೆಕ್ಯಾನಿಕ್ ಶೆಡ್‌ನಲ್ಲಿ ನಾಲ್ಕು ಜನ ಇದ್ದರು. ಯಾರ ಮುಖವನ್ನೂ ನೋಡಲಾಗಲಿಲ್ಲ.

ಅಲ್ಲಿಂದಲೇ ಫೋಟೋ ಕಳಿಸಿ ಫೋನ್ ಮಾಡಿದೆ. ಮೊದಲ ಉತ್ತರ: "ಗೋಡೌನ್‌ನಲ್ಲಿ ಇಟ್ಟಾಗ ಹಾಗೆ ಗುರುತು ಬೀಳುತ್ತೆ ಸಾರ್." ಗೋಡೌನ್‌ನಲ್ಲಿ ಸೀಲ್ ಗುರುತು ಹೇಗೆ ಬೀಳುತ್ತದೆ? ಪುಟ್ಟಿ ಹೇಗೆ ಬರುತ್ತದೆ? ಎರಡನೆಯದು: "ನಾವು ಹೊಸದು ಅಂದಿಲ್ಲ, ಹೊಸದರ ಹಾಗೇ ಇದೆ ಅಂದಿದ್ದು." ಚಾಟ್ ತೋರಿಸಿದೆ. ಮೂರನೆಯದು, ನನಗೆ ತುಂಬ ನೋವು ಕೊಟ್ಟಿದ್ದು: "ಡಿಫರೆನ್ಷಿಯಲ್ ಕೆಲಸ ಮನೇಲಿ ಮಾಡ್ತಾರಾ ಯಾರಾದ್ರೂ? ನಟ್ಟು ಓವರ್ ಟೈಟ್ ಮಾಡಿ ನೀವೇ ಹಾಳು ಮಾಡಿದ್ರಿ." ಟೈಟ್ ಮಾಡಿ ಅಂದವರು ಯಾರು? ಅದನ್ನು ಹೇಳಿದ್ದು ಫೋನಿನಲ್ಲಿ, ಬರಹದಲ್ಲಿ ಇಲ್ಲ. ಅದೂ ಅವರಿಗೆ ಗೊತ್ತು.

ಬೇರಿಂಗ್, ಕ್ರಶ್ ಸ್ಲೀವ್, ಸೀಲ್, ಹೊಸ ಆಯಿಲ್, ಕೂಲಿ ಎಲ್ಲ ಸೇರಿ 11,400 ಆಯಿತು. ಫ್ಲೇಂಜಿಗೆ ಕೊನೆಗೆ ಏನು ಮಾಡಿದೆವು ಗೊತ್ತಾ? ನನ್ನ ಹಳೇದಕ್ಕೇ, ಸೀಲ್ ಕೂರುವ ಜಾಗದ ಮೇಲೆ, ಬಳೆಯಂಥ ತೆಳು ಸ್ಟೀಲ್ ಸ್ಲೀವ್ ಹೊಡೆಸಿ ಹಾಕಿದೆವು. ಒಂದು ತೊಟ್ಟೂ ಸೋರುತ್ತಿಲ್ಲ. ಇದನ್ನು ಮೊದಲೇ ಮಾಡಿಸಿದ್ದರೆ ಮುಗಿದಿತ್ತು.

ದಯವಿಟ್ಟು ಬಿಲ್ ಇಲ್ಲದೆ ದುಡ್ಡು ಹಾಕಬೇಡಿ. ಸೀಲ್ ಕೂರುವ ಜಾಗಕ್ಕೆ ಬಣ್ಣ ಇದ್ದರೆ ಅಲ್ಲೇ ಥಿನ್ನರ್ ಉಜ್ಜಿ ನೋಡಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ. ಸೋರಿಕೆಗೆ ನಟ್ಟು ಬಿಗಿ ಮಾಡಿ ಅಂತ ಯಾರೇ ಹೇಳಲಿ, ಯಾರೇ ಆಗಲಿ, ಮಾಡಬೇಡಿ. ಮಾತು ಫೋನಿನಲ್ಲಿ ಬೇಡ, ಬರೆದು ಕಳಿಸಿ ಅನ್ನಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ದುಡ್ಡು ಕಳಿಸಿದ ದಾಖಲೆ, ಚಾಟ್ ಎರಡೂ ಇಟ್ಟುಕೊಂಡಿದ್ದೇನೆ. ಅದು ತಿಳಿದ ಮೇಲೆ ನಿನ್ನೆ ಅಂಗಡಿಯಿಂದ ಮೆಸೇಜ್ ಬಂತು. "ಪೀಸ್ ವಾಪಸ್ ಕಳಿಸಿ ಸಾರ್, ಅರ್ಧ ದುಡ್ಡು ಕೊಡ್ತೀವಿ." ಕಳಿಸುವುದಿಲ್ಲ ಅಂದೆ. ಕಳಿಸಿದರೆ ಅದಕ್ಕೆ ಮತ್ತೆ ಪುಟ್ಟಿ ತುಂಬುತ್ತಾರೆ.