ತಿಪಟೂರಿನ ಟೈಪಿಂಗ್ ಅಂಗಡಿ ಮತ್ತು ನನ್ನ ಮುಂಬೈ ಇಂಟರ್‌ವ್ಯೂ

ಅಂಗಡಿಗೆ ಹೆಸರಿಲ್ಲ. ಬೋರ್ಡಿನ ಮೇಲೆ ಇರುವುದು "ಜೆರಾಕ್ಸ್, ಟೈಪಿಂಗ್, ಭಾಷಾಂತರ" ಅಂತ ಮೂರೇ ಪದ. ತಿಪಟೂರಿನ ತಾಲ್ಲೂಕು ಕಚೇರಿ ಹತ್ತಿರ ಸ್ಟ್ಯಾಂಪ್ ಪೇಪರ್, ಅರ್ಜಿ ಫಾರಂ ಮಾರುವ ಸಾಲಿನಲ್ಲಿ ಕೊನೆಯದು. ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಷೀನು, ಎರಡು ಸ್ಟೂಲು. ನಡೆಸುವವರು ಐವತ್ತು ದಾಟಿದ ಒಬ್ಬ ಹೆಂಗಸು. ಎಲ್ಲರೂ ಅಕ್ಕ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ. ಗಂಡನೋ ಹೆಂಡತಿಯೋ ಅಮೆರಿಕದಲ್ಲಿದ್ದು, ಇಲ್ಲಿ ವೀಸಾ ಇಂಟರ್‌ವ್ಯೂಗೆ ಕಾಗದ ಜೋಡಿಸುತ್ತಾ ಕೂತಿರುವವರು ನಮ್ಮ ಸುತ್ತಮುತ್ತಲ ತಾಲ್ಲೂಕುಗಳಲ್ಲೂ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ ಅಂತ ಈ ವಿಮರ್ಶೆ.

ನಾನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಓದಿದ್ದು ಬಿ.ಕಾಂ., ಅದೂ ಕನ್ನಡ ಮಾಧ್ಯಮ. ನನ್ನ ಹೆಂಡತಿ ಹದಿನೈದನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಓಹಾಯೋದ ಕೊಲಂಬಸ್‌ಗೆ ಹೋದವಳು. ಈಗ ಅಲ್ಲಿನ ಪ್ರಜೆ, ಔಷಧಿ ಅಂಗಡಿಯಲ್ಲಿ ಕೆಲಸ. 2023ರ ಫೆಬ್ರವರಿಯಲ್ಲಿ ನಮ್ಮ ಮದುವೆ. ಮೇ ತಿಂಗಳಲ್ಲಿ ನನ್ನನ್ನು ಅಲ್ಲಿಗೆ ಕರೆಸಿಕೊಳ್ಳಲು ಅವಳು ಐ-130 ಅನ್ನುವ ಅರ್ಜಿ ಹಾಕಿದಳು, ಮಂಜೂರಾಗಿದ್ದು 2024ರ ಜುಲೈನಲ್ಲಿ. ಅಲ್ಲಿಂದ ಫೈಲು, ಕಾಗದ ಪರಿಶೀಲಿಸುವ ಅಮೆರಿಕದ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. 325 ಡಾಲರ್ ಮತ್ತು 120 ಡಾಲರ್ ಹೀಗೆ ಎರಡು ಫೀಸು ಕಟ್ಟಬೇಕು, ಡಿಎಸ್-260 ಅನ್ನುವ ವೀಸಾ ಅರ್ಜಿ ಫಾರಂ ತುಂಬಬೇಕು, ಹೆಂಡತಿಯ ಆದಾಯ ತೋರಿಸುವ ಐ-864 ಫಾರಂ, ನನ್ನ ಜನನ ಪತ್ರ, ಮದುವೆ ಪತ್ರ, ಪೊಲೀಸ್ ಕ್ಲಿಯರೆನ್ಸ್ ಎಲ್ಲವನ್ನೂ ಸ್ಕ್ಯಾನ್ ಮಾಡಿ ಏರಿಸಬೇಕು. ಅದಷ್ಟೂ ಸರಿ ಅನಿಸಿದ ಮೇಲೆ ಮುಂಬೈ ಕಾನ್ಸುಲೇಟಿನ ದಿನಾಂಕ ಬರುತ್ತದೆ.

ಮೊದಲು ನಾನು ಹೋಗಿದ್ದು ಈ ಅಂಗಡಿಗಲ್ಲ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ₹35,000 ಕಟ್ಟಿದ್ದೆ. ಕಾಗದದ ಭಾಷಾಂತರ, ಇಂಟರ್‌ವ್ಯೂ ತರಬೇತಿ ಎರಡೂ ಸೇರಿ. ಹೆಸರು ಬರೆಯುವುದಿಲ್ಲ. ಆದರೆ ಅಲ್ಲಿ ಆಗಿದ್ದನ್ನು ಹೇಳದಿದ್ದರೆ ಅಕ್ಕನ ಕೆಲಸದ ಬೆಲೆ ಗೊತ್ತಾಗುವುದಿಲ್ಲ.

ನಾನು ಹುಟ್ಟಿದ್ದು 1990ರಲ್ಲಿ, ಅಜ್ಜಿ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಜನನ ನೋಂದಣಿ ಆಗಿರಲಿಲ್ಲ. ಇಂಥವರಿಗೆ ದಾರಿ ಇದೆ. ರಿಜಿಸ್ಟರಿನಲ್ಲಿ ಹುಡುಕಿ "ದಾಖಲೆ ಲಭ್ಯವಿಲ್ಲ" ಅಂತ ಕಚೇರಿಯಿಂದ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಅದರ ಜೊತೆಗೆ ತಂದೆ ತಾಯಿಯೋ ನಮಗಿಂತ ಹಿರಿಯರಾದ ಹತ್ತಿರದ ನೆಂಟರೋ ಮಾಡಿಕೊಟ್ಟ ಅಫಿಡವಿಟ್. ನಾನು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡನ್ನೂ ಇಟ್ಟೆ. ಆ ಪ್ರಮಾಣಪತ್ರ ಕನ್ನಡದಲ್ಲಿತ್ತು. ಬೆಂಗಳೂರಿನವರು ಅದನ್ನು ಇಂಗ್ಲಿಷಿಗೆ ಮಾಡಿ ಕಳಿಸಿದರು, ನಾನು ಓದದೆ ಹೆಂಡತಿಗೆ ದಾಟಿಸಿದೆ. ಅವತ್ತು ರಾತ್ರಿ ಹನ್ನೊಂದಕ್ಕೆ ಫೋನು.

"ರೀ, ನಿಮ್ಮ ಹೆಸರಿನ ಮಧ್ಯ ಬಿನ್ ಅಂತ ಯಾಕೆ ಬಂದಿದೆ? ಅತ್ತೆ ಹೆಸರಲ್ಲಿ ಕೋಮ್ ಅಂತಿದೆ. ಇದು ಯಾರ ಹೆಸರು?"

ಪಹಣಿ ನೋಡಿದವರಿಗೆಲ್ಲ ಗೊತ್ತು, 'ಬಿನ್' ಅಂದರೆ ಇಂಥವರ ಮಗ, 'ಕೋಂ' ಅಂದರೆ ಇಂಥವರ ಹೆಂಡತಿ. ಭಾಷಾಂತರ ಮಾಡಿದವರು ಎರಡನ್ನೂ ಹೆಸರಿನ ಭಾಗ ಅಂತ ತಿಳಿದು ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಇಳಿಸಿದ್ದರು. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಇದರಲ್ಲಿ ಇನ್ನೊಂದು. ನನಗೆ ಕೈಕಾಲು ತಣ್ಣಗಾಯಿತು. ಹದಿನೈದು ತಿಂಗಳು ಕಾದ ಫೈಲು ಒಂದು 'ಬಿನ್'ಗೆ ನಿಂತುಬಿಟ್ಟರೆ?

ಮರುದಿನ ಮಂಡಿಯ ಹಮಾಲಿಯೊಬ್ಬರು ಕರೆದುಕೊಂಡು ಹೋಗಿದ್ದು ಅಕ್ಕನ ಅಂಗಡಿಗೆ. ಅವರ ಮಗನ ಪಾಸ್‌ಪೋರ್ಟ್ ಕಾಗದವನ್ನು ಅಕ್ಕನೇ ಮಾಡಿಕೊಟ್ಟಿದ್ದಂತೆ. ಅಕ್ಕ ಆ ಭಾಷಾಂತರವನ್ನು ಎರಡು ನಿಮಿಷ ಓದಿ ಮಡಚಿ ಪಕ್ಕಕ್ಕಿಟ್ಟರು. "ಇದು ಬೇಡಪ್ಪ. ಮೂಲ ಕೊಡು. ಪಾಸ್‌ಪೋರ್ಟು, ಮಾರ್ಕ್ಸ್ ಕಾರ್ಡು, ಆಧಾರು, ಮದುವೆ ಸರ್ಟಿಫಿಕೇಟು, ಮನೇಲಿ ಏನೇನಿದೆ ಎಲ್ಲಾ ತಗೊಂಬಾ."

ಮಾರನೆಯ ದಿನ ಅವರು ಕೆಲಸ ಶುರು ಮಾಡಿದ್ದು ಟೈಪಿಂಗ್‌ನಿಂದಲ್ಲ. ಹಳೆಯ ನೋಟ್ ಬುಕ್ಕಿನ ಎರಡು ಹಾಳೆಗೆ ಸ್ಕೇಲಿನಲ್ಲಿ ಗೆರೆ ಎಳೆದರು. ಎಡಕ್ಕೆ ಕಾಗದದ ಹೆಸರು. ಅದರ ಮುಂದೆ ಅದರಲ್ಲಿ ನನ್ನ ಹೆಸರು ಹೇಗಿದೆ, ಅಪ್ಪನದು ಹೇಗಿದೆ, ಅಮ್ಮನದು ಹೇಗಿದೆ, ಹುಟ್ಟಿದ ದಿನ, ಹುಟ್ಟಿದ ಊರು. ಒಂದೊಂದೇ ಅಕ್ಷರ ಬೆರಳಿಟ್ಟು ಓದಿ ಬರೆದರು. ಮುಗಿದಾಗ ಕೆಂಪು ಪೆನ್ನಿನ ಸುತ್ತು ಐದು ಕಡೆ ಇತ್ತು. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಇನಿಷಿಯಲ್ ಮಾತ್ರ ಇದ್ದರೆ ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿದೆ. ಅಪ್ಪನ ಹೆಸರಿನ 'ಗೌಡ' ಒಂದು ಕಡೆ ಅಂಟಿಕೊಂಡಿದೆ, ಇನ್ನೊಂದು ಕಡೆ ಬಿಡಿಯಾಗಿದೆ. ಹುಟ್ಟಿದ ಊರು ಒಂದರಲ್ಲಿ ಹಳ್ಳಿ, ಒಂದರಲ್ಲಿ ತಾಲ್ಲೂಕು.

"ಭಾಷಾಂತರದಲ್ಲೇ ಸರಿ ಮಾಡ್ಬಿಡಿ ಅಕ್ಕ" ಅಂದೆ. ಅವರು ಒಪ್ಪಲಿಲ್ಲ. "ಮೂಲದಲ್ಲಿ ಏನಿದೆಯೋ ಅದನ್ನೇ ನಾನು ಬರೆಯೋದು. ನಿನಗೆ ಬೇಕಾದ್ದು ಬರೆದ್ರೆ ಅದು ಭಾಷಾಂತರ ಅಲ್ಲ, ಸುಳ್ಳು ಸಾಕ್ಷಿ." ವ್ಯತ್ಯಾಸಗಳಿಗೆ ಬೇರೆ ಅಫಿಡವಿಟ್ ಮಾಡಿಸಿದರು. ಈ ಎರಡು ಹೆಸರಿನ ವ್ಯಕ್ತಿ ಒಬ್ಬನೇ ಅಂತ. ಪ್ರತಿ ಭಾಷಾಂತರದ ಕೆಳಗೆ "ನನಗೆ ಎರಡೂ ಭಾಷೆ ಗೊತ್ತು, ಇದು ನಿಖರವಾಗಿದೆ" ಅನ್ನುವ ಹೇಳಿಕೆ, ಅವರ ಹೆಸರು, ಸಹಿ, ದಿನಾಂಕ. ಅಮೆರಿಕದವರು ಕೇಳುವುದೂ ಇಂಥ ಹೇಳಿಕೆಯನ್ನೇ. ಬೆಂಗಳೂರಿನಿಂದ ಬಂದ ಹಾಳೆಯಲ್ಲಿ ದೊಡ್ಡ ಗುಂಡು ಮೊಹರು ಇತ್ತು, ಆ ಹೇಳಿಕೆ ಇರಲಿಲ್ಲ.

ಅಮ್ಮನ ಅಫಿಡವಿಟ್ ವಿಷಯ ಬಿಡಿಸಿ ಹೇಳಬೇಕು. ಅಮ್ಮನಿಗೆ ಓದು ಬರಹ ಬರುವುದಿಲ್ಲ. ಬೆಂಗಳೂರಿನವರು ಇಂಗ್ಲಿಷಿನಲ್ಲಿ ಟೈಪ್ ಮಾಡಿ, "ಹೆಬ್ಬೆಟ್ಟು ಒತ್ತಿಸಿ ಕಳಿಸಿ" ಅಂದಿದ್ದರು. ಅಕ್ಕ ಅಮ್ಮನನ್ನೇ ಕರೆಸಿದರು, ಸ್ಟೂಲಿನ ಮೇಲೆ ಕೂರಿಸಿದರು. "ಅಮ್ಮಾ, ಇವನು ಹುಟ್ಟಿದ್ದು ಎಲ್ಲಿ? ಆಗ ಯಾರ್ಯಾರಿದ್ರು?" ಅಮ್ಮ ಹೇಳುತ್ತಾ ಹೋದಳು. ಮಳೆ ಹಿಡಿದಿತ್ತು, ಸೂಲಗಿತ್ತಿಯನ್ನು ಕರೆಯಲು ಅಪ್ಪ ಸೈಕಲ್ಲಿನಲ್ಲಿ ಹೋಗಿದ್ದ, ಬೆಳಗಿನ ಜಾವ ಆಯ್ತು ಅಂತ. ಅದನ್ನೆಲ್ಲ ನಾನು ಕೇಳಿದ್ದು ಅವತ್ತೇ ಮೊದಲು. ಅಕ್ಕ ಅದರಲ್ಲಿ ಬೇಕಾದಷ್ಟನ್ನು ಕನ್ನಡದಲ್ಲಿ ಬರೆದು, ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ, ಸರಿ ಅಂದ ಮೇಲೆ ಇಂಗ್ಲಿಷಿಗೆ ಮಾಡಿದರು. ಕೊನೆಗೆ "ಮೇಲಿನದನ್ನು ಕನ್ನಡದಲ್ಲಿ ಓದಿ ವಿವರಿಸಲಾಗಿದೆ, ಅರ್ಥವಾಗಿದೆ ಎಂದು ಒಪ್ಪಿರುತ್ತಾರೆ" ಅನ್ನುವ ಸಾಲು. ನೋಟರಿ ಎದುರಿಗೆ ಅಮ್ಮ ಎಡಗೈ ಹೆಬ್ಬೆಟ್ಟು ಒತ್ತಿದಳು, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಕಾಗದದ ಮೇಲೆ ಆ ಬೆರಳಿನ ಗೆರೆಗಳು ಎಷ್ಟು ಸ್ಪಷ್ಟವಾಗಿ ಬಂದಿದ್ದವೆಂದರೆ, ಕುಡುಗೋಲು ತಾಗಿದ ಹಳೆಯ ಗಾಯದ ಗುರುತೂ ಕಾಣುತ್ತಿತ್ತು.

ಇಂಟರ್‌ವ್ಯೂ ಪತ್ರ ಬಂದಿದ್ದು 2025ರ ಮಾರ್ಚಿಗೆ. ಆ ಹೊತ್ತಿಗೆ ಮದುವೆಯಾಗಿ ಎರಡು ವರ್ಷ ತುಂಬಿತ್ತು. ಇದು ಮುಖ್ಯ. ಅಮೆರಿಕಕ್ಕೆ ಕಾಲಿಡುವ ದಿನಕ್ಕೆ ಎರಡು ವರ್ಷ ತುಂಬಿದ್ದರೆ ಐಆರ್-1 ಅನ್ನುವ ವೀಸಾ, ಹತ್ತು ವರ್ಷದ ಗ್ರೀನ್ ಕಾರ್ಡು. ತುಂಬದಿದ್ದರೆ ಸಿಆರ್-1, ಎರಡು ವರ್ಷದ ಷರತ್ತಿನ ಕಾರ್ಡು. ಆಮೇಲೆ ಆ ಷರತ್ತು ತೆಗೆಸಲು ಐ-751 ಅಂತ ಮತ್ತೊಂದು ಅರ್ಜಿ ಹಾಕಬೇಕಾಗುತ್ತದೆ.

ಕನ್ಸಲ್ಟೆನ್ಸಿಯವರು ಅರವತ್ತು ಪ್ರಶ್ನೆ, ಅರವತ್ತು ಇಂಗ್ಲಿಷ್ ಉತ್ತರ ಕೊಟ್ಟು ಬಾಯಿಪಾಠ ಮಾಡಲು ಹೇಳಿದ್ದರು. ರಾತ್ರಿಯೆಲ್ಲ ಉರು ಹೊಡೆದರೂ ಮೂರನೇ ಉತ್ತರಕ್ಕೆ ನಾಲಿಗೆ ತೊಡರುತ್ತಿತ್ತು. ಅಕ್ಕನಿಗೆ ತೋರಿಸಿದೆ. "ನಿಮ್ಮ ಹೆಂಡತಿಯನ್ನು ಹೇಗೆ ಭೇಟಿಯಾದಿರಿ" ಅನ್ನುವುದಕ್ಕೆ ಅಲ್ಲಿದ್ದ ಉತ್ತರ, ಕುಟುಂಬದ ಸಮಾರಂಭದಲ್ಲಿ ಭೇಟಿಯಾಗಿ ಗಾಢವಾದ ಬಾಂಧವ್ಯ ಬೆಳೆಯಿತು ಅಂತ.

"ನಿಜವಾಗಿ ಎಲ್ಲಿ ನೋಡಿದೆ?"

"ಅವರಜ್ಜಿ ತಿಥೀಲಿ ಅಕ್ಕ. ಅವರಜ್ಜಿ ಊರು ನಮ್ಮೂರ ಪಕ್ಕ. ಅವಳು ಪಂಕ್ತೀಲಿ ಕೂತಿದ್ಲು, ನಾನು ಪಾಯಸ ಬಡಿಸ್ತಿದ್ದೆ."

"ಮತ್ತೆ ಅದನ್ನೇ ಹೇಳು. ಅದು ನಿನಗೆ ಮರೆಯಲ್ಲ. ಇದು ಮರೆಯುತ್ತೆ."

ಅವರ ತರಬೇತಿ ಅಷ್ಟೇ. ಮಂಡಿ ಮುಗಿದ ಮೇಲೆ ನಾಲ್ಕು ಸಂಜೆ ಹೋಗಿ ಕೂತೆ. ಅವರು ಜೆರಾಕ್ಸ್ ಹೊಡೆಯುತ್ತಲೇ ಕನ್ನಡದಲ್ಲಿ ಕೇಳುತ್ತಿದ್ದರು. ಹೆಂಡತಿ ಕೆಲಸಕ್ಕೆ ಎಷ್ಟು ಗಂಟೆಗೆ ಹೋಗುತ್ತಾಳೆ, ಯಾರ ಜೊತೆ ಇದ್ದಾಳೆ, ಮದುವೆ ಆದ ಮೇಲೆ ಎಷ್ಟು ಸಲ ಬಂದಿದ್ದಾಳೆ, ಕೊನೆಯ ಸಲ ಬಂದಾಗ ಎಲ್ಲಿಗೆ ಹೋಗಿದ್ದಿರಿ. ನಾನು ಕನ್ನಡದಲ್ಲಿ ಹೇಳಿ, ಅದನ್ನೇ ನನಗೆ ಬರುವ ಚಿಕ್ಕ ಚಿಕ್ಕ ಇಂಗ್ಲಿಷಿನಲ್ಲಿ ಹೇಳಬೇಕು. ತಪ್ಪಾದರೆ ವ್ಯಾಕರಣ ತಿದ್ದಲಿಲ್ಲ, ದಿನಾಂಕ ತಿದ್ದಿದರು. ಡಿಎಸ್-260ರ ಪ್ರಿಂಟು ತೊಡೆಯ ಮೇಲಿರುತ್ತಿತ್ತು. ನನ್ನ ಬಾಯಲ್ಲಿ ಬಂದಿದ್ದಕ್ಕೂ ಅದರಲ್ಲಿ ಇರುವುದಕ್ಕೂ ತಾಳೆ ನೋಡುತ್ತಿದ್ದರು. ಫೋಟೋ ನಾಲ್ಕು ನೂರು ತಂದಿದ್ದೆ, ಇಪ್ಪತ್ತೆರಡು ಉಳಿಸಿದರು. ಹಿಂದೆ ಬಾಲ್ ಪೆನ್ನಿನಲ್ಲಿ ಬರೆದರೆ ಮುಂದಕ್ಕೆ ಒತ್ತು ಮೂಡುತ್ತದೆ ಅಂತ ಚೀಟಿಯಲ್ಲಿ ದಿನ, ಊರು, ಯಾರು ಅಂತ ಬರೆದು ಅಂಟಿಸಿದರು.

ಮುಂಬೈ ಬಗ್ಗೆ ಚಿಕ್ಕದಾಗಿ. ಅರಸೀಕೆರೆಯಲ್ಲಿ ರೈಲು ಹತ್ತಿ ದಾದರಿನಲ್ಲಿ ಇಳಿದೆ. ಮೆಡಿಕಲ್ ಮೊದಲೇ ಆಗಬೇಕು, ಅವರು ಗೊತ್ತು ಮಾಡಿದ ವೈದ್ಯರಲ್ಲೇ. ಎದೆಯ ಎಕ್ಸ್‌ರೇ, ರಕ್ತ, ಲಸಿಕೆ. ಹಳೆಯ ಲಸಿಕೆ ಕಾರ್ಡು ಇದ್ದರೆ ತಪ್ಪದೆ ತಗೊಂಡು ಹೋಗಿ, ಸೂಜಿ ಕಮ್ಮಿಯಾಗುತ್ತದೆ. ಕಾನ್ಸುಲೇಟ್ ಇರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ. ಒಳಗೆ ಮೊಬೈಲು ಬಿಡುವುದಿಲ್ಲ, ರೂಮಿನಲ್ಲೇ ಬಿಟ್ಟು ಹೋಗಿ.

ಕಿಟಕಿಯ ಮುಂದೆ ನಿಂತೇ ಮಾತಾಡಬೇಕು. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಅಧಿಕಾರಿ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲನೇ ಪ್ರಶ್ನೆಯೇ ಹೆಂಡತಿಯನ್ನು ಎಲ್ಲಿ ನೋಡಿದಿರಿ ಅಂತ. ಅವರಜ್ಜಿ ತೀರಿಹೋಗಿದ್ದರು, ಆ ಕಾರ್ಯದ ಊಟದಲ್ಲಿ, ನಾನು ಬಡಿಸುತ್ತಿದ್ದೆ ಅಂದೆ. ಏನು ಬಡಿಸುತ್ತಿದ್ದಿರಿ ಅಂತ ಕೇಳಿದರು. ಪಾಯಸ ಅಂದೆ, ಸಿಹಿ, ಹಾಲು ಬೆಲ್ಲ ಹಾಕಿ ಮಾಡುವುದು ಅಂದೆ. ಅಲ್ಲಿಂದ ಮುಂದೆ ಎದೆ ಹೊಡೆದುಕೊಳ್ಳುವುದು ನಿಂತಿತು. ಹೆಂಡತಿಯ ಕೆಲಸ ಕೇಳಿದರು, ಎಷ್ಟು ಸಲ ಬಂದಿದ್ದಾಳೆ ಕೇಳಿದರು. ಒಂದು ಪ್ರಶ್ನೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಕೇಳಿ ಅಂದೆ, ನಿಧಾನಕ್ಕೆ ಕೇಳಿದರು. ಆಮೇಲೆ ಅಮ್ಮನ ಅಫಿಡವಿಟ್ ಎತ್ತಿ ಹೆಬ್ಬೆಟ್ಟಿನ ಕಡೆ ಬೆರಳು ತೋರಿಸಿ, ಇದರಲ್ಲಿ ಏನಿದೆ ಅಂತ ಇವರಿಗೆ ಗೊತ್ತಾ ಅಂದರು. ಗೊತ್ತು, ಕನ್ನಡದಲ್ಲಿ ಓದಿ ಹೇಳಿದ್ದಾರೆ, ಕೆಳಗೆ ಬರೆದಿದೆ ನೋಡಿ ಅಂದೆ. ಅವರು ಆ ಸಾಲು ಓದಿ ಕಾಗದ ಕೆಳಗಿಟ್ಟರು. ಎಂಟು ನಿಮಿಷವೂ ಆಗಿರಲಿಕ್ಕಿಲ್ಲ. ವೀಸಾ ಮಂಜೂರಾಗಿದೆ ಅಂದು ಪಾಸ್‌ಪೋರ್ಟ್ ಇಟ್ಟುಕೊಂಡರು. ಫೋಟೋ ನೋಡಿದ್ದು ಮೂರೇ.

ಅಂಗಡಿಯ ಕೊರತೆಯನ್ನೂ ಹೇಳಬೇಕು. ಹೇಳಿದ ದಿನಕ್ಕೆ ಕೆಲಸ ಸಿಗುವುದಿಲ್ಲ, ನನ್ನದು ನಾಲ್ಕು ದಿನ ತಡವಾಯಿತು. ಕರೆಂಟ್ ಹೋದರೆ ಎಲ್ಲ ನಿಂತಿತು. ಜೆರಾಕ್ಸ್ ಸ್ವಲ್ಪ ಮಸುಕು, ಸ್ಕ್ಯಾನ್ ಅಂತೂ ಬೇರೆ ಕಡೆ ಮಾಡಿಸಿದೆ. ಒಂದು ಭಾಷಾಂತರದಲ್ಲಿ ಪಾಸ್‌ಪೋರ್ಟ್ ನಂಬರಿನ ಒಂದು ಅಂಕಿ ತಪ್ಪಿತ್ತು. ಕಂಡುಹಿಡಿದವಳು ನನ್ನ ಹೆಂಡತಿ. ಅಕ್ಕ ಬೇಜಾರು ಮಾಡಿಕೊಂಡು ದುಡ್ಡಿಲ್ಲದೆ ಮತ್ತೆ ಮಾಡಿಕೊಟ್ಟರು. ಆದ್ದರಿಂದ ಯಾರೇ ಮಾಡಲಿ, ಸಹಿಗೆ ಮುಂಚೆ ನೀವೇ ಅಕ್ಷರ ಅಕ್ಷರ ಓದಿ. ಡಿಎಸ್-260 ತುಂಬುವುದು, ಐ-864ರ ಆದಾಯದ ಲೆಕ್ಕ, ಇವನ್ನು ಅಕ್ಕ ಮುಟ್ಟುವುದಿಲ್ಲ. ನನಗೆ ಗೊತ್ತಿಲ್ಲ ಅಂತ ಮೊದಲೇ ಹೇಳುತ್ತಾರೆ. ಹಿಂದೆ ವೀಸಾ ತಿರಸ್ಕಾರ ಆಗಿದ್ದರೆ, ಕೇಸು ಗೀಸು ಇದ್ದರೆ ವಕೀಲರ ಹತ್ತಿರವೇ ಹೋಗಬೇಕು.

ಪುಟಕ್ಕೆ ₹150. ಅಫಿಡವಿಟ್‌ಗಳು, ಭಾಷಾಂತರ, ಫೋಟೋ ಚೀಟಿ, ನೋಟರಿ ಫೀಸು ಎಲ್ಲ ಸೇರಿ ನನಗೆ ₹2,900 ಆಯಿತು. ನಾಲ್ಕು ಸಂಜೆಯ ಮಾತಿಗೆ ದುಡ್ಡು ಕೇಳಲಿಲ್ಲ, ಕೊಟ್ಟರೂ ತಗೊಳ್ಳಲಿಲ್ಲ. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ, ಆ ಅರ್ಧ ತಡ ಮಾಡಿದ್ದಕ್ಕೆ.

ಭಾನುವಾರ ರಜೆ. ತಾಲ್ಲೂಕು ಕಚೇರಿ ತೆರೆದಿರುವ ದಿನ ಬೆಳಗ್ಗೆ ಹೋದರೆ ಪಹಣಿಯವರ ಗದ್ದಲ, ಮಾತಾಡಲು ಆಗುವುದಿಲ್ಲ. ಸಂಜೆ ಐದರ ಮೇಲೆ ಹೋಗಿ, ಮೂಲ ಕಾಗದ ಅಷ್ಟೂ ತಗೊಂಡು ಹೋಗಿ, ಚಿಲ್ಲರೆ ಇಟ್ಟುಕೊಳ್ಳಿ. ಹೆಬ್ಬೆಟ್ಟು ಒತ್ತುವವರು ಮನೆಯಲ್ಲಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.